ವರದಿ ಬಂದಿಲ್ಲ ಅಂದ್ರೆ ರೋಗ ಇಲ್ಲ ಅಂತಲ್ಲ

(1/8)

ಫೋಟೋದಲ್ಲಿರೋದು ಜಿಲೇಬಿ ಮೀನು. ನಮ್ಮ ಪುಸ್ತಕದಲ್ಲಿ ತಿಲಾಪಿಯಾ, ಸಂತೆಯಲ್ಲಿ ಮಾತ್ರ ಜಿಲೇಬಿ ಅಂದ್ರೇನೇ ಗೊತ್ತಾಗೋದು. ನೋಡೋಕೆ ಚೆನ್ನಾಗೇ ಇದೆ ಅಲ್ವಾ? ಕಣ್ಣು ಸ್ವಚ್ಛವಾಗಿದೆ, ಹುರುಪೆ ಗಟ್ಟಿಯಾಗಿದೆ, ಕಿವಿರು ಕೆಂಪಗಿದೆ. ಈಗ ಹೇಳಿ, ಈ ಮೀನಿನಲ್ಲಿ ವೈರಸ್ ಇದೆಯಾ ಇಲ್ವಾ?

ಫೋಟೋ ಎಷ್ಟೇ ಜೂಮ್ ಮಾಡಿದ್ರೂ ಗೊತ್ತಾಗಲ್ಲ. ಮೀನನ್ನು ಕೈಯಲ್ಲಿ ಹಿಡಿದುಕೊಂಡವರಿಗೂ ಗೊತ್ತಾಗಲ್ಲ. ಮೂವತ್ತು ವರ್ಷ ಮೀನು ಸಾಕಿದವರಿಗೂ ಗೊತ್ತಾಗಲ್ಲ.

ಹೋದ ವಾರ ಸ್ಟೋರಿಯಲ್ಲಿ ಒಂದು ಪ್ರಶ್ನೆ ಹಾಕಿದ್ದೆ: ನಿಮ್ಮ ಊರಿನ ಕಡೆ ಸಾಕಿದ ಮೀನಿಗೆ ವೈರಸ್ ರೋಗ ಇದೆಯಾ? ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು "ಇಲ್ಲ" ಒತ್ತಿದ್ರಿ. ಯಾಕೆ ಅಂತ ಕೇಳಿದಾಗ ಬಂದ ಕಾರಣವೂ ಒಂದೇ, "ಅಂಥದ್ದೇನೂ ಕೇಳಿಲ್ಲ". ನಮ್ಮ ಬ್ಯಾಚಿನವರೂ ಅದನ್ನೇ ಹೇಳಿದ್ರು. ಈ ವಾರದ ಎಂಟು ಕ್ಯಾಪ್ಶನ್ ಬರೆಯೋಕೆ ಅದೇ ಕಾರಣ. ಕೇಳಿಲ್ಲ ಅನ್ನೋದು ಒಂದು ವಿಷಯ, ಇಲ್ಲ ಅನ್ನೋದು ಇನ್ನೊಂದು. ಇವೆರಡನ್ನೂ ಒಂದೇ ಅಂತ ನಂಬಿಕೊಂಡ ದೇಶಗಳು ಬೆಲೆ ತೆತ್ತಿವೆ.

(2/8)

ಇಸ್ರೇಲಿನ ಗಲಿಲೀ ಸರೋವರ. ಅಲ್ಲಿನ ಮೀನುಗಾರರು ಹೆಚ್ಚಾಗಿ ನಂಬಿಕೊಂಡಿದ್ದದ್ದು ಇದೇ ತಿಲಾಪಿಯಾ ಜಾತಿಯ ಮೀನನ್ನು. 2005ರಲ್ಲಿ 300 ಟನ್‌ಗೂ ಹೆಚ್ಚು ಸಿಕ್ಕಿದ್ದ ಮೀನು ಕೆಲವೇ ವರ್ಷದಲ್ಲಿ ಎಷ್ಟು ಕುಸಿಯಿತು ಅಂದ್ರೆ, 2009ರಲ್ಲಿ ಹತ್ತು ಟನ್ ಕೂಡ ಆಗಲಿಲ್ಲ. ಅದೇ ಹೊತ್ತಿಗೆ ಸಾಕಣೆ ಹೊಂಡಗಳಲ್ಲೂ ತಿಲಾಪಿಯಾ ರಾಶಿರಾಶಿಯಾಗಿ ಸಾಯ್ತಾ ಇತ್ತು. ಅದೇ ಹೊಂಡದಲ್ಲಿದ್ದ ಬೇರೆ ಜಾತಿಯ ಮೀನಿಗೆ ಏನೂ ಆಗ್ತಿರಲಿಲ್ಲ. ಆ ಕೊಲೆಗಾರನನ್ನು ಗುರುತಿಸಿ "ತಿಲಾಪಿಯಾ ಲೇಕ್ ವೈರಸ್" ಅಂತ ಪ್ರಕಟಿಸಿದ್ದು 2014ರಲ್ಲಿ. ಸರೋವರದ ಕುಸಿತಕ್ಕೆ ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಮೀನು ಸಾಯೋಕೆ ಶುರುವಾಗಿ ಅದಕ್ಕೊಂದು ಹೆಸರು ಸಿಗೋ ಹೊತ್ತಿಗೆ ಅಷ್ಟು ವರ್ಷ ಹೋಗಿತ್ತು.

ಇದಕ್ಕಿಂತ ನನ್ನ ತಲೆ ಕೆಡಿಸಿದ್ದು ಥಾಯ್ಲೆಂಡಿನ ಕಥೆ. ವೈರಸ್ ಪತ್ತೆ ಮಾಡೋ ವಿಧಾನ ಕೈಗೆ ಬಂದ ಮೇಲೆ ಅಲ್ಲಿನ ವಿಜ್ಞಾನಿಗಳು ಮರಿ ಉತ್ಪಾದನಾ ಕೇಂದ್ರಗಳ ಹಳೇ ಮಾದರಿಗಳನ್ನು ಹೊರಗೆ ತೆಗೆದು ಪರೀಕ್ಷೆ ಮಾಡಿದ್ರು. 2012ರ ಮಾದರಿಯಲ್ಲೇ ವೈರಸ್ ಸಿಕ್ಕಿತು! ಹೆಸರಿಡೋಕೆ ಎರಡು ವರ್ಷ ಮೊದಲೇ ಅದು ಮರಿಗಳ ಮೈಯಲ್ಲಿತ್ತು. ಅಂಥ ಕೇಂದ್ರಗಳಿಂದ ಮರಿಗಳು ಹತ್ತಾರು ದೇಶಗಳಿಗೆ ಹೋಗಿದ್ದವು. ಯಾರೂ ಮೋಸ ಮಾಡಿರಲಿಲ್ಲ, ಯಾರೂ ಮುಚ್ಚಿಟ್ಟಿರಲಿಲ್ಲ. ಹುಡುಕೋಕೆ ಹೆಸರೇ ಇರಲಿಲ್ಲ, ಅಷ್ಟೇ. ಹೊರಗಿನಿಂದ ನೋಡೋಕೆ ಅವೂ ಮೊದಲ ಫೋಟೋದ ಮೀನಿನ ಹಾಗೇ ಇದ್ದಿರಬೇಕು.

2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಚ್ಚರಿಕೆ ಹೊರಡಿಸಿತು. 2018ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಪಶ್ಚಿಮ ಬಂಗಾಳ ಮತ್ತು ಕೇರಳದ ಸಾಕಣೆ ಹೊಂಡಗಳಲ್ಲಿ ಈ ವೈರಸ್ ಇರೋದನ್ನು ವರದಿ ಮಾಡಿದ್ರು. ಕೇರಳ ಅಂದ್ರೆ ನಮಗೆ ಪಕ್ಕದ ಮನೆ.

(3/8)

ಇದನ್ನು ಓದಿ ಮೀನು ತಿನ್ನೋದು ಬಿಡಬೇಡಿ, ದಯವಿಟ್ಟು. ಈ ವೈರಸ್‌ನಿಂದ ಮನುಷ್ಯರಿಗೆ ತೊಂದರೆ ಆಗಿದ್ದು ಎಲ್ಲೂ ಕಂಡುಬಂದಿಲ್ಲ. ಅಮ್ಮ ಮಾಡೋ ಸಾರಿಗೂ ಇದಕ್ಕೂ ಸಂಬಂಧ ಇಲ್ಲ. ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡೋದಾದ್ರೆ ಈ ಕ್ಯಾಪ್ಶನ್ ಸೇರಿಸಿಯೇ ಮಾಡಿ.

ನಷ್ಟ ಆಗೋದು ಸಾಕಿದವರಿಗೆ. ಈ ವೈರಸ್ ಬಂದ ಮೀನಿನ ಬಣ್ಣ ಕಪ್ಪಾಗುತ್ತೆ, ಚರ್ಮ ಅಲ್ಲಲ್ಲಿ ಕಿತ್ತುಹೋಗುತ್ತೆ, ಕಣ್ಣು ಮಸುಕಾಗುತ್ತೆ ಇಲ್ಲಾ ಹೊರಗೆ ಉಬ್ಬುತ್ತೆ, ಹೊಟ್ಟೆ ಊದುತ್ತೆ, ಮೇವು ಬಿಟ್ಟು ನೀರಿನ ಮೇಲೆ ತೇಲಾಡ್ತಾ ಇರುತ್ತೆ. ಥಾಯ್ಲೆಂಡಿನ ರೈತರು ಇದಕ್ಕೆ "ಒಂದು ತಿಂಗಳ ಸಾವು" ಅನ್ನೋ ಅರ್ಥದ ಹೆಸರಿಟ್ಟಿದ್ರು, ಮರಿ ಬಿಟ್ಟ ಮೊದಲ ತಿಂಗಳಲ್ಲೇ ಸಾಯ್ತಿದ್ದವು ಅಂತ. ಮರಿ, ಮೇವು, ಕೂಲಿ, ಕರೆಂಟು, ಎಲ್ಲಾ ದುಡ್ಡು ಹಾಕಿ ಆದ ಮೇಲೆ ಸಾವು.

ಬಂದ ಮೇಲೆ ಮದ್ದಿಲ್ಲ. ಇದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೀಬೇಕು ಅನ್ನಿಸುತ್ತೆ. ಆದ್ರೂ ಅಂಗಡಿಗೆ ಹೋಗಿ "ಮೀನು ಸಾಯ್ತಾ ಇದೆ" ಅಂದ್ರೆ ಒಂದು ಡಬ್ಬ ಕೈಗೆ ಬರುತ್ತೆ. ಎಷ್ಟೋ ಸಲ ಅದರಲ್ಲಿರೋದು ಆಂಟಿಬಯಾಟಿಕ್. ಆಂಟಿಬಯಾಟಿಕ್ ವೈರಸ್‌ಗೆ ಏನೂ ಮಾಡಲ್ಲ. ರೈತನ ಜೇಬು ಖಾಲಿ ಮಾಡುತ್ತೆ, ನೀರಿನಲ್ಲಿರೋ ಬ್ಯಾಕ್ಟೀರಿಯಾಗಳಿಗೆ ಔಷಧಿ ತಡ್ಕೊಳ್ಳೋಕೆ ಕಲಿಸುತ್ತೆ, ಅಷ್ಟೇ.

ಮದ್ದಿಲ್ಲದ ರೋಗಕ್ಕೆ ಇರೋ ದಾರಿ ಒಂದೇ. ಬರೋಕೆ ಮುಂಚೆ ಹುಡುಕೋದು, ಬಂದಿದ್ರೆ ಇನ್ನೊಂದು ಹೊಂಡಕ್ಕೆ ಹೋಗದ ಹಾಗೆ ತಡೆಯೋದು. ಇದಕ್ಕೇ ರೋಗ ಕಣ್ಗಾವಲು ಅನ್ನೋದು.

(4/8)

ಕಣ್ಗಾವಲು ನಮ್ಮಲ್ಲಿ ಇಲ್ವಾ ಅಂದ್ರೆ, ಇದೆ. ಜಲಚರಗಳ ರೋಗಗಳಿಗಾಗಿ ರಾಷ್ಟ್ರೀಯ ಕಣ್ಗಾವಲು ಕಾರ್ಯಕ್ರಮ 2013ರಲ್ಲೇ ಶುರುವಾಯ್ತು. ಲಕ್ನೋದಲ್ಲಿರೋ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ನಡೆಸುತ್ತೆ. ಮತ್ಸ್ಯ ಸಂಪದ ಯೋಜನೆಯ ಅಡಿಯಲ್ಲಿ ಈಗ ಎರಡನೇ ಹಂತ ಬಂದಿದೆ. 2023ರ ಜೂನ್‌ನಲ್ಲಿ "ರಿಪೋರ್ಟ್ ಫಿಶ್ ಡಿಸೀಸ್" ಅನ್ನೋ ಆ್ಯಪ್ ಕೂಡ ಬಂತು. ರೈತ ತನ್ನ ಫೋನಿನಿಂದಲೇ ಸಾಯ್ತಿರೋ ಮೀನಿನ ಫೋಟೋ ಕಳಿಸಬಹುದು.

ಒಳ್ಳೇದೇ. ಆದ್ರೆ ಆ್ಯಪ್ ಕೆಲಸ ಮಾಡೋಕೆ ಮೀನು ಮೊದಲು ಸಾಯಬೇಕು. ಆಮೇಲೆ ಆ ರೈತನಿಗೆ ಹೇಳಬೇಕು ಅನ್ನಿಸಬೇಕು. ಚೆನ್ನಾಗಿ ಕಾಣೋ ಮೀನನ್ನು ಹಿಡಿದು ಪರೀಕ್ಷೆ ಮಾಡೋದು ಬೇರೆಯೇ ಕೆಲಸ. ಅಲ್ಲಿ ಲೆಕ್ಕ ಬರುತ್ತೆ. ಸ್ವಲ್ಪ ತಾಳ್ಮೆಯಿಂದ ಓದಿ, ಇದನ್ನು ಒಂದು ಸಲ ಅರ್ಥ ಮಾಡ್ಕೊಂಡ್ರೆ ಮತ್ತೆ ಯಾರೂ ನಿಮಗೆ "ಟೆಸ್ಟ್ ಮಾಡಿದೀವಿ, ಏನೂ ಇಲ್ಲ" ಅಂತ ಸುಮ್ಮನೆ ಹೇಳೋಕಾಗಲ್ಲ.

ಒಂದು ಹೊಂಡದಲ್ಲಿ 10,000 ಮೀನು ಇದೆ ಅಂದ್ಕೊಳ್ಳಿ. ಅದರಲ್ಲಿ 100ಕ್ಕೆ 5 ಮೀನಿಗೆ ಸೋಂಕಿದೆ, ಅಂದ್ರೆ 500 ಮೀನು. ಕಡಿಮೆ ಏನಲ್ಲ. ನೀವು ಬಲೆ ಬೀಸಿ ಐದು ಮೀನು ಹಿಡಿದು ಲ್ಯಾಬಿಗೆ ಕಳಿಸ್ತೀರಿ. ಆ ಐದರಲ್ಲಿ ಒಂದೂ ಸೋಂಕಿನ ಮೀನು ಇಲ್ಲದೇ ಇರೋ ಸಾಧ್ಯತೆ ಎಷ್ಟು? 0.95ನ್ನು ಐದು ಸಲ ಗುಣಿಸಿ ನೋಡಿ, 0.77. ಅಂದ್ರೆ ಇದೇ ಕೆಲಸವನ್ನು ನೂರು ಸಲ ಮಾಡಿದ್ರೆ 77 ಸಲ ಲ್ಯಾಬ್ "ನೆಗೆಟಿವ್" ಅಂತ ಬರೆದು ಕೊಡುತ್ತೆ. ಲ್ಯಾಬಿನವರು ತಪ್ಪು ಮಾಡಿಲ್ಲ. ಆ ಐದು ಮೀನಿನಲ್ಲಿ ನಿಜವಾಗಲೂ ವೈರಸ್ ಇಲ್ಲ.

100ಕ್ಕೆ 95ರಷ್ಟು ಭರವಸೆ ಬೇಕು ಅಂದ್ರೆ ಸುಮಾರು 60 ಮೀನು ಬೇಕು. ಸೋಂಕು 100ಕ್ಕೆ 2 ಅಷ್ಟೇ ಇದ್ರೆ ಸುಮಾರು 150 ಬೇಕು. ಅದೂ ಪರೀಕ್ಷೆ ಒಂದು ಸೋಂಕನ್ನೂ ಬಿಡದೆ ಹಿಡಿಯುತ್ತೆ ಅಂತ ಇಟ್ಕೊಂಡ್ರೆ.

"150 ಪಿಸಿಆರ್ ಮಾಡಿಸೋಕೆ ದುಡ್ಡು ಯಾರಪ್ಪ ಕೊಡ್ತಾನೆ?" ಸರಿಯಾದ ಪ್ರಶ್ನೆ. ಐದೈದು ಮೀನಿನ ಅಂಗಾಂಶ ಸೇರಿಸಿ ಒಂದು ಮಾದರಿ ಮಾಡಿದ್ರೆ 30 ಪರೀಕ್ಷೆಗೆ ಇಳಿಯುತ್ತೆ. ಕಣ್ಣುಮುಚ್ಚಿ ಬಲೆ ಬೀಸೋ ಬದಲು ದಡದ ಹತ್ತಿರ ಮಂಕಾಗಿ ನಿಂತಿರೋ, ಕಪ್ಪಾಗಿರೋ, ಮೇವಿಗೆ ಬರದ ಮೀನುಗಳನ್ನೇ ಆರಿಸಿ ಹಿಡಿದ್ರೆ ವೈರಸ್ ಸಿಗೋ ಅವಕಾಶ ಹೆಚ್ಚುತ್ತೆ. ಇಷ್ಟು ಮಾಡಿದ್ರೂ ಪ್ರತಿ ಹೊಂಡಕ್ಕೆ ಇದು ಸಾಧ್ಯವಿಲ್ಲ, ಒಪ್ಪಿದೆ. ಎಲ್ಲಿ ಸಾಧ್ಯ ಅಂತ ಆರನೇ ಕ್ಯಾಪ್ಶನ್‌ನಲ್ಲಿ ಹೇಳ್ತೀನಿ. ಅದಕ್ಕೆ ಮುಂಚೆ ರೈತನ ವಿಷಯ.

(5/8)

ನೀವೇ ಒಂದು ನಿಮಿಷ ಮೀನು ಸಾಕಿದವರ ಜಾಗದಲ್ಲಿ ನಿಂತು ನೋಡಿ. ಕೆರೆ ಗುತ್ತಿಗೆಗೆ ಹಿಡಿದಿದ್ದೀರಿ, ಇಲ್ಲಾ ಕೃಷಿ ಹೊಂಡದಲ್ಲಿ ಮರಿ ಬಿಟ್ಟಿದ್ದೀರಿ. ಬೆಳಗ್ಗೆ ಹೋಗಿ ನೋಡಿದ್ರೆ ಮೂವತ್ತು ಮೀನು ಹೊಟ್ಟೆ ಮೇಲೆ ಮಾಡ್ಕೊಂಡಿವೆ. ಮಾರನೇ ದಿನ ಎಂಬತ್ತು. ಇಲಾಖೆಗೆ ಫೋನ್ ಮಾಡ್ತೀರಾ?

ಮಾಡಿದ್ರೆ ಏನಾಗುತ್ತೆ ಅಂತ ಲೆಕ್ಕ ಹಾಕಿ. ಊರಿಗೆಲ್ಲಾ ಸುದ್ದಿ ಹಬ್ಬುತ್ತೆ. ಮೀನು ಕೊಳ್ಳೋಕೆ ಬರೋ ವ್ಯಾಪಾರಿ ರೇಟು ಅರ್ಧಕ್ಕೆ ಇಳಿಸ್ತಾನೆ, ಇಲ್ಲಾ ಬರೋದೇ ಇಲ್ಲ. ಉಳಿದ ಮೀನು ಮಾರಬೇಡಿ ಅಂತ ಯಾರಾದ್ರೂ ಹೇಳಬಹುದು. ಮಾದರಿ ತಗೊಂಡು ಹೋದವರು ರಿಪೋರ್ಟ್ ಯಾವಾಗ ಕೊಡ್ತಾರೋ ಗೊತ್ತಿಲ್ಲ. ಕೊಟ್ರೂ ಅದರಲ್ಲಿ ಇರೋದು ಮದ್ದಿಲ್ಲದ ರೋಗದ ಹೆಸರು. ಫೋನ್ ಮಾಡದೇ ಇದ್ರೆ? ರಾತ್ರೋರಾತ್ರಿ ಬಲೆ ಹಾಕಿ ಬದುಕಿರೋದನ್ನೆಲ್ಲಾ ಮಾರಿದ್ರೆ ಹಾಕಿದ ದುಡ್ಡಿನಲ್ಲಿ ಅರ್ಧ ಆದ್ರೂ ಬರುತ್ತೆ.

ಇವರು ಅಪ್ರಾಮಾಣಿಕರು ಅನ್ನೋರ ಜೊತೆ ನಾನು ಜಗಳಕ್ಕೆ ರೆಡಿ. ಫೋನ್ ಮಾಡಿದವರಿಗೆ ನಷ್ಟ, ಮಾಡದವರಿಗೆ ಅರ್ಧ ದುಡ್ಡು ಅಂತ ಇದ್ರೆ ಯಾರು ತಾನೇ ಫೋನ್ ಮಾಡ್ತಾರೆ? ಆಮೇಲೆ ಆ ಜಿಲ್ಲೆಯಿಂದ ವರದಿ ಸೊನ್ನೆ ಅಂತ ಹೋಗುತ್ತೆ. ಸೊನ್ನೆ ನೋಡಿ ಎಲ್ಲರಿಗೂ ಸಮಾಧಾನ.

ಕೋಳಿ ವಿಷಯದಲ್ಲಿ ಹೀಗಿಲ್ಲ. ಹಕ್ಕಿಜ್ವರ ಬಂದು ಸರ್ಕಾರ ಕೋಳಿಗಳನ್ನು ಕೊಲ್ಲಿಸಿದಾಗ ಸಾಕಿದವರಿಗೆ ಪರಿಹಾರ ಇದೆ, ಕೇಂದ್ರ ಮತ್ತು ರಾಜ್ಯ ಹಂಚಿಕೊಂಡು ಕೊಡ್ತವೆ. ಆ ಮೊತ್ತ ಸಾಕಾಗುತ್ತೋ ಇಲ್ವೋ ಅನ್ನೋದು ಬೇರೆ ಮಾತು. ಹೇಳಿದ್ರೆ ಪೂರ್ತಿ ಮುಳುಗಲ್ಲ ಅನ್ನೋ ಧೈರ್ಯ ಆದ್ರೂ ಇರುತ್ತೆ. ಹೊಂಡದ ಮೀನಿಗೆ ಅಂಥ ಧೈರ್ಯ ಎಲ್ಲಿಂದ ಬರಬೇಕು? 2024ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮತ್ಸ್ಯ ಕಿಸಾನ್ ಸಮೃದ್ಧಿ ಸಹ-ಯೋಜನೆಯಲ್ಲಿ ಮೀನು ಸಾಕಣೆ ವಿಮೆಯ ಪ್ರೀಮಿಯಂಗೆ ಸಹಾಯಧನ ಇದೆ. ಅದು ಒಂದು ದಾರಿ. ನನ್ನ ಕೇಳಿದ್ರೆ ಆ ವಿಮೆಗೂ ರೋಗದ ವರದಿಗೂ ಗಂಟು ಹಾಕಬೇಕು: ಸಾವು ಶುರುವಾದ ಕೂಡಲೇ ತಿಳಿಸಿದವರಿಗೆ ಕ್ಲೇಮ್ ಸುಲಭ ಆಗಬೇಕು. ರೋಗದಿಂದ ಸತ್ತ ಮೀನಿಗೂ ಹಣ ಸಿಗುತ್ತೆ ಅಂತ ಪಾಲಿಸಿಯಲ್ಲಿ ಕನ್ನಡದಲ್ಲಿ, ಓದೋಕಾಗೋ ಗಾತ್ರದಲ್ಲಿ ಬರೆದಿರಬೇಕು.

ಇನ್ನೊಂದು, ಇದಕ್ಕೆ ಖರ್ಚೇ ಇಲ್ಲ. ಮಾದರಿ ಕೊಟ್ಟವರಿಗೆ ರಿಪೋರ್ಟ್ ವಾಪಸ್ ಕೊಡಿ. ನೆಗೆಟಿವ್ ಬಂದ್ರೂ ಕೊಡಿ. ಒಂದು ಸಲ ಮೀನು ಕೊಟ್ಟು ಏನಾಯ್ತು ಅಂತ ಗೊತ್ತಾಗದೇ ಇದ್ರೆ ಎರಡನೇ ಸಲ ನಮ್ಮನ್ನು ಬದುವಿನ ಮೇಲೂ ನಿಲ್ಲಿಸಿಕೊಳ್ಳಲ್ಲ.

(6/8)

ಈಗ ಎಲ್ಲಿ ಹುಡುಕಬೇಕು ಅನ್ನೋದು.

ಸಾವಿರಾರು ಹೊಂಡಕ್ಕೆ ಮರಿ ಬರೋದು ಬೆರಳೆಣಿಕೆಯ ಉತ್ಪಾದನಾ ಕೇಂದ್ರಗಳಿಂದ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ಮರಿ, ಮರಿಯ ಜೊತೆ ನೀರು, ಮರಿಯ ಮೈಯಲ್ಲಿ ಏನಿದೆಯೋ ಅದು. ನಮ್ಮ ರಾಜ್ಯದ ಕೇಂದ್ರಗಳಿಂದಲೂ ಬರುತ್ತೆ, ಆಂಧ್ರದಿಂದ, ಬಂಗಾಳದಿಂದಲೂ ಬರುತ್ತೆ. ಒಂದು ಕೇಂದ್ರದ ತಾಯಿ ಮೀನಿನಲ್ಲಿ ವೈರಸ್ ಇದ್ರೆ ಒಂದೇ ಸೀಸನ್ನಿನಲ್ಲಿ ಎಷ್ಟು ತಾಲ್ಲೂಕಿಗೆ ಹಂಚಿಕೆ ಆಗುತ್ತೆ ಅಂತ ಊಹಿಸಿ. ಥಾಯ್ಲೆಂಡಿನ ಕಥೆ ಇದೇ ಅಲ್ವಾ?

ಹಾಗಾಗಿ ಆ 150 ಮೀನಿನ ಲೆಕ್ಕ ಪ್ರತಿ ಹೊಂಡಕ್ಕೆ ಬೇಡ, ಮರಿ ಮಾರೋ ಜಾಗಕ್ಕೆ ಬೇಕು. ವರ್ಷಕ್ಕೊಂದು ಸಲ ಅಲ್ಲ, ತಾಯಿ ಮೀನಿಗೂ ಮಾರಾಟಕ್ಕೆ ಹೊರಡೋ ಮರಿಗೂ ನಿಗದಿಯಾಗಿ ಮಾಡಬೇಕು. ಚೀಲದ ಜೊತೆ ಒಂದು ಚೀಟಿ ಬರಬೇಕು: ಯಾವ ಕೇಂದ್ರ, ಯಾವ ತಂಡದ ಮರಿ, ಯಾವತ್ತು ಪರೀಕ್ಷೆ, ಎಷ್ಟು ಮೀನು ಪರೀಕ್ಷೆ ಮಾಡಿದ್ರು. ಕೊನೇದು ಮುಖ್ಯ. ಐದು ಮೀನಿನ "ನೆಗೆಟಿವ್" ಏನು ಅಂತ ಈಗ ನಿಮಗೆ ಗೊತ್ತಲ್ಲ.

ಇದೆಲ್ಲಾ ಕನಸು ಅನ್ನೋರಿಗೆ ಸಿಗಡಿ ತೋರಿಸ್ತೀನಿ. ತೊಂಬತ್ತರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ವೈರಸ್ ಬಂದು ನಮ್ಮ ಸಿಗಡಿ ಹೊಂಡಗಳು ಮಕಾಡೆ ಮಲಗಿದವು. ಅದಾದ ಮೇಲೆ ಮರಿಯನ್ನು ಪಿಸಿಆರ್ ಮಾಡಿಸದೆ ಬಿಡಬಾರದು ಅನ್ನೋದು ಸಿಗಡಿ ರೈತರಿಗೇ ರೂಢಿಯಾಯ್ತು. ಹೊರದೇಶದಿಂದ ಬರೋ ವನಾಮಿ ತಾಯಿ ಸಿಗಡಿ ಚೆನ್ನೈನ ಕ್ವಾರಂಟೈನ್ ಕೇಂದ್ರ ದಾಟಿಯೇ ಒಳಗೆ ಬರಬೇಕು. ಅಂದ್ರೆ ಜ್ಞಾನ ಇದೆ, ಲ್ಯಾಬ್ ಇದೆ, ಅಭ್ಯಾಸವೂ ಇದೆ. ವ್ಯತ್ಯಾಸ ಏನು? ಸಿಗಡಿ ಹಡಗು ಹತ್ತಿ ಡಾಲರ್ ತರುತ್ತೆ. ಜಿಲೇಬಿ ಮತ್ತು ಕಾಟ್ಲಾ ನಮ್ಮ ಊರಿನ ಸಂತೆಯಲ್ಲೇ ಮುಗಿಯುತ್ತೆ. ನಾವು ತಿನ್ನೋ ಮೀನಿಗೆ, ನಮ್ಮೋರು ಸಾಕೋ ಮೀನಿಗೆ ಆ ಮರ್ಯಾದೆ ಯಾಕಿಲ್ಲ ಅನ್ನೋದೇ ನನ್ನ ತಕರಾರು.

(7/8)

"ನಮ್ಮ ಕಡೆ ಜಾಸ್ತಿ ಸಾಕೋದು ಗೆಂಡೆ, ತಿಲಾಪಿಯಾ ಅಲ್ಲ, ನಮಗ್ಯಾಕೆ?" ಅಂತ ಕೇಳಿದವರಿಗೆ ಚಿಕ್ಕ ಉತ್ತರ.

ಅಕ್ವೇರಿಯಂ ಅಂಗಡಿಯಲ್ಲಿ ಕಾಣೋ ಬಣ್ಣಬಣ್ಣದ ಕೋಯಿ ಮೀನು ಇದೆಯಲ್ಲ, ಅದು ನಮ್ಮ ಸಾಮಾನ್ಯ ಗೆಂಡೆಯದ್ದೇ ಬಣ್ಣದ ತಳಿ. 2002ರಲ್ಲಿ ಇಂಡೊನೇಷ್ಯಾದಲ್ಲಿ ಕೋಯಿ ಹರ್ಪಿಸ್ ವೈರಸ್ ಅಲಂಕಾರದ ಮೀನಿನಲ್ಲಿ ಕಾಣಿಸಿಕೊಂಡು ಅಲ್ಲಿಂದ ಜನ ತಿನ್ನೋ ಗೆಂಡೆಗೆ ದಾಟಿತು. ಮರುವರ್ಷ ಜಪಾನಿನ ಕಸುಮಿಗೌರಾ ಸರೋವರದಲ್ಲಿ ಪಂಜರದಲ್ಲಿ ಸಾಕಿದ್ದ ಗೆಂಡೆ ಸಾವಿರ ಟನ್‌ಗೂ ಮೇಲೆ ಸತ್ತವು. ಬದುಕುಳಿದ ಮೀನಿನ ಒಳಗೆ ಈ ವೈರಸ್ ಸದ್ದಿಲ್ಲದೆ ಕೂತಿರುತ್ತೆ, ಮೀನು ಸೋತಾಗ ಮತ್ತೆ ಏಳುತ್ತೆ. ನಮ್ಮ ದೇಶದಲ್ಲೂ ಕೋಯಿಯಲ್ಲಿ ಕಾರ್ಪ್ ಎಡಿಮಾ ವೈರಸ್, ಗೋಲ್ಡ್‌ಫಿಶ್‌ನಲ್ಲಿ ಇನ್ನೊಂದು ಹರ್ಪಿಸ್ ವೈರಸ್ ಸಿಕ್ಕಿವೆ. ಎಲ್ಲಾ ಅಲಂಕಾರದ ಮೀನಿನ ದಾರಿ. ತೊಟ್ಟಿಯಲ್ಲಿ ದೊಡ್ಡದಾಯ್ತು ಅಂತ ಕೋಯಿಯನ್ನು ಕೆರೆಗೆ ಬಿಟ್ಟು "ಸ್ವಾತಂತ್ರ್ಯ ಕೊಟ್ಟೆ" ಅಂತ ರೀಲ್ ಮಾಡೋರು ದಯವಿಟ್ಟು ಈ ಪ್ಯಾರಾ ಎರಡು ಸಲ ಓದಿ.

(8/8)

ಹಳ್ಳಿ ಅನುಭವಕ್ಕೆ ಹೋಗಲಿರೋ ನಮ್ಮ ಬ್ಯಾಚಿನವರಿಗೆ, ಮನೆಯಲ್ಲಿ ಹೊಂಡ ಇರೋ ಫಾಲೋವರ್ಸ್‌ಗೆ ಇದು.

ಸತ್ತ ಮೀನೆಲ್ಲಾ ವೈರಸ್ ಅಲ್ಲ. ಮೋಡ ಕವಿದ ದಿನದ ಮಾರನೇ ಬೆಳಗಿನ ಜಾವ ಒಂದೇ ಸಲಕ್ಕೆ ಎಲ್ಲಾ ಜಾತಿಯ ಮೀನು ಮೇಲೆ ಬಂದು ಬಾಯಿ ಬಿಡ್ತಾ ಇದ್ರೆ, ದೊಡ್ಡವೇ ಮೊದಲು ಸತ್ರೆ, ಮೊದಲು ಆಕ್ಸಿಜನ್ ಕೊರತೆ ಅಂತ ಯೋಚಿಸಿ, ಏರೇಟರ್ ಹಾಕಿ ಇಲ್ಲಾ ಹೊಸ ನೀರು ಬಿಡಿ. ಒಂದೇ ಜಾತಿ ಸಾಯ್ತಾ ಇದ್ರೆ, ದಿನದಿಂದ ದಿನಕ್ಕೆ ಲೆಕ್ಕ ಏರ್ತಾ ಇದ್ರೆ, ಹೊಸ ಮರಿ ಬಿಟ್ಟು ಕೆಲವೇ ವಾರ ಆಗಿದ್ರೆ, ಆಗ ಅನುಮಾನ ಪಡಿ. ಇದಕ್ಕೆ ನೋಟ್‌ಬುಕ್ಕಿನಲ್ಲಿ ದಿನಾ ಒಂದು ಸಾಲು ಸಾಕು: ತಾರೀಖು, ಯಾವ ಜಾತಿ, ಎಷ್ಟು ಸತ್ತವು, ನೀರು ಹೇಗಿತ್ತು, ಮರಿ ಎಲ್ಲಿಂದ ಬಂದಿತ್ತು.

ಲ್ಯಾಬಿಗೆ ಕೊಡೋಕೆ ಸತ್ತು ಉಬ್ಬಿದ ಮೀನು ತಗೋಬೇಡಿ. ಅದರಿಂದ ಮೂಗು ಮುಚ್ಕೊಳ್ಳೋದು ಬಿಟ್ರೆ ಬೇರೇನೂ ಆಗಲ್ಲ. ತಿಲಾಪಿಯಾ ವೈರಸ್‌ನ ವಂಶವಾಹಿ ಆರ್‌ಎನ್‌ಎ, ಮೀನು ಕೊಳೆತ ಹಾಗೆ ಅದೂ ಚೂರಾಗಿ ಹೋಗುತ್ತೆ. ಸಾಯೋ ಹಂತದಲ್ಲಿರೋ ಮೀನನ್ನು ಚೀಲಕ್ಕೆ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ದೂರ ಇದ್ರೆ ಪಿತ್ತಕೋಶ ಬಿಟ್ಟು ಯಕೃತ್ತು, ಮಿದುಳು, ಮೂತ್ರಪಿಂಡ, ಗುಲ್ಮದ ಸಣ್ಣ ತುಂಡುಗಳನ್ನು ಗಾಢ ಆಲ್ಕೋಹಾಲ್‌ನಲ್ಲಿ ಹಾಕಿ. ಹೇಗೆ ಕತ್ತರಿಸೋದು ಅಂತ ಎರಡನೇ ಫೋಟೋದಲ್ಲಿ ಇದೆ.

ಸತ್ತ ಮೀನನ್ನು ಕಾಲುವೆಗೆ ಎಸೆಯೋದು, ಪಕ್ಕದ ಹೊಂಡಕ್ಕೆ ಅದೇ ಒದ್ದೆ ಬಲೆ ಒಯ್ಯೋದು, ಇವೆರಡೂ ವೈರಸ್‌ಗೆ ಬಸ್ ಟಿಕೆಟ್ ತೆಗೆಸಿಕೊಟ್ಟ ಹಾಗೆ. ನೀರಿನಿಂದ ದೂರ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಬಲೆ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ.

ಕೊನೇದಾಗಿ ಫೋಟೋ ವಿಷಯ. ಹೊಂಡದಲ್ಲಿ ಮೀನು ಸಾಯ್ತಿರೋದು ಕಂಡ್ರೆ ಫೋಟೋ ತೆಗೀರಿ, ಆದ್ರೆ ಮೊದಲು ಹೊಂಡದವರನ್ನು ಕೇಳಿ ತೆಗೀರಿ. ಅವರ ಕೈಯಲ್ಲೇ ಆ್ಯಪ್‌ಗೆ ಹಾಕಿಸಿ, ಇಲ್ಲಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ಕಳಿಸಿ. ಸ್ಟೋರಿಗೆ ಹಾಕಬೇಡಿ. ನನಗೆ ಕಳಿಸಿದ್ರೂ ಊರಿನ ಹೆಸರು, ಹೊಂಡದವರ ಮುಖ ಕಾಣದ ಹಾಗೆ ಕಳಿಸಿ. ಅವರಿಗೆ ಇನ್ನೂ ಉಳಿದ ಮೀನು ಮಾರೋದಿದೆ, ಮುಂದಿನ ವರ್ಷ ಮತ್ತೆ ಮರಿ ಬಿಡೋದಿದೆ.